ಭೋಗ್ಯಕ್ಕೆ ಕೊಟ್ಟ ಮಹಡಿ

9 ಜೂನ್, ಭಾನುವಾರ

ಈ ಡೈರಿ 2017ರದು. ನಾನು ನಿವೃತ್ತನಾದ ವರ್ಷ ಯಶವಂತಪುರ ಯಾರ್ಡಿನ ಬೆಲ್ಲದ ಮಂಡಿಯವರೊಬ್ಬರು ಕೊಟ್ಟದ್ದು, ಖಾಲಿಯೇ ಉಳಿದಿತ್ತು. ಇದರ ಪ್ರಕಾರ ಇವತ್ತು ಶುಕ್ರವಾರ. ಅದನ್ನು ಹೊಡೆದು ಭಾನುವಾರ ಎಂದು ಬರೆದೆ. ಯಾರು ನೋಡಬೇಕು.

ಬೆಳಿಗ್ಗೆ ಬ್ರೋಕರ್ ಮುಬೀನ್ ಮೇಲಿನ ಮನೆಗೆ ಪಾರ್ಟಿ ಕರೆದುಕೊಂಡು ಬಂದ. ಎರಡು ದಿನದಿಂದ ಫೋನಿನಲ್ಲಿ ಹೇಳುತ್ತಿದ್ದ, "ಒಳ್ಳೇ ಪಾರ್ಟಿ ಸಾರ್, ಸಿಂಗಲ್ ಲೇಡಿ, ಯಲಹಂಕ ಕಡೆ ಸ್ಕೂಲಲ್ಲಿ ಟೀಚರ್. ಮೋನಿಕಾ ಅಂತ." ಲಿಂಗರಾಜಪುರದ ಕಡೆಯ ಕ್ರೈಸ್ತರಿರಬೇಕು ಎಂದುಕೊಂಡು ಪಂಚೆಯಲ್ಲೇ ಕೂತಿದ್ದೆ. ಆಟೋದಿಂದ ಇಳಿದದ್ದು ಇಂಗ್ಲೆಂಡಿನ ಹೆಂಗಸು. ಐವತ್ತೈದು ದಾಟಿದ ವಯಸ್ಸು, ಕಾಟನ್ ಚೂಡಿದಾರ್, ಹವಾಯಿ ಚಪ್ಪಲಿ. ಒಳಗೆ ಓಡಿ ಪ್ಯಾಂಟು ಹಾಕಿಕೊಂಡು ಬಂದೆ.

"ಮೈಸೆಲ್ಫ್ ಅನಂತರಾಜು," ಎಂದೆ. ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡವನು ನಾನು. ಎರಡನೇ ದರ್ಜೆ. ಮೂವತ್ತನಾಲ್ಕು ವರ್ಷ ಮಾರುಕಟ್ಟೆ ಸಮಿತಿ ಕಚೇರಿಯಲ್ಲಿ ದಾಖಲೆ ವಿಭಾಗ ನೋಡಿಕೊಂಡೆ, ಅಲ್ಲಿ ಇಂಗ್ಲಿಷಿಗೆ ಕೆಲಸವಿರಲಿಲ್ಲ. ಈರುಳ್ಳಿ, ಹುಣಸೆಹಣ್ಣು, ಹಮಾಲರ ಜಗಳ. ಆದರೂ ಬಾಯಿ ತೆರೆದಾಗ ಏನೋ ಬಂತು.

ಮೊಣಕಾಲು ನೋವೆಂದು ಬೀಗದ ಕೈ ಮುಬೀನನಿಗೇ ಕೊಟ್ಟು ಅವರಿಬ್ಬರನ್ನು ಮೇಲೆ ಕಳಿಸಿದೆ. ಹೆಂಡತಿ ರಾಧಾಮಣಿ ಹೋದಮೇಲೆ ನಾನು ಕೆಳಗಿನ ಎರಡು ಕೋಣೆಗೆ ಇಳಿದವನು ಮತ್ತೆ ಮೆಟ್ಟಿಲು ಹತ್ತಿಲ್ಲ. ಹದಿನೈದು ತಿಂಗಳಾಯಿತು.

ಆಕೆ ಕೆಳಗೆ ಬಂದು, ಬಾಲ್ಕನಿಯ ಹೊಂಗೆಮರ ಬಹಳ ಚೆನ್ನಾಗಿದೆ ಎಂದರು. ಹನ್ನೊಂದು ತಿಂಗಳಿಂದ ಮನೆ ಹುಡುಕುತ್ತಿದ್ದಾರಂತೆ. ತಮ್ಮ ದೇಶದ ಫ್ಲ್ಯಾಟು ಮಾರಿ, ಇನ್ನು ಇಲ್ಲೇ ಇರುವುದೆಂದು ಬಂದವರು. ಆರ್.ಟಿ. ನಗರದಲ್ಲಿ ಮಾಂಸ ತಿನ್ನುವವರಿಗೆ ಇಲ್ಲ ಎಂದರಂತೆ. ಜಕ್ಕೂರಿನಲ್ಲಿ ಮೂವರು ಅಣ್ಣತಮ್ಮಂದಿರು ಮಾರಲು ಒಪ್ಪಿದ ಮೇಲೆ ನಾಲ್ಕನೆಯವನು ಕೋರ್ಟಿನ ಕಾಗದ ಹಿಡಿದು ಬಂದನಂತೆ. ಹೇಳುತ್ತಾ ಹೇಳುತ್ತಾ ನನ್ನ ಮೆಟ್ಟಿಲ ಮೇಲೇ ಕುಳಿತುಬಿಟ್ಟರು.

"ಈಸ್ ಇಟ್ ಫಾರ್ ಸೇಲ್?" ಎಂದು ಕೇಳಿದರು.

"ನಾಟ್ ಸೇಲ್ ಮೇಡಂ. ಲೀಸ್."

ಮುಖ ಅರಳಿತು. ಅವರ ಊರಿನ ಫ್ಲ್ಯಾಟೂ ಲೀಸೇ ಆಗಿತ್ತಂತೆ. ನನಗೂ ಸಂತೋಷವಾಯಿತು. ನಮ್ಮ ಭೋಗ್ಯದ ಪದ್ಧತಿ ಬ್ರಿಟಿಷರೇ ತಂದದ್ದಿರಬೇಕು ಎಂದುಕೊಂಡೆ. ಎಷ್ಟು ವರ್ಷ ಎಂದು ಕೇಳಿದರು. ಮೂರು ವರ್ಷ, ಆಮೇಲೆ ರಿನ್ಯೂವಲ್, ಫಾರ್ಮಾಲಿಟಿ ಓನ್ಲಿ ಎಂದೆ. ತಮ್ಮ ವೀಸಾ ಕೂಡ ಹಾಗೇ ಎಂದು ನಕ್ಕರು. ರೆಂಟ್?

"ನೋ ರೆಂಟ್. ಒನ್ ಟೈಮ್ ಪೇಮೆಂಟ್. ದಿಸ್ ಈಸ್ ಯುವರ್ ಹೌಸ್ ಓನ್ಲಿ."

ಬಂದವರಿಗೆ ನಿಮ್ಮ ಮನೆ ಅಂತಲೇ ತಿಳ್ಕೊಳ್ಳಿ ಎನ್ನುತ್ತೇವಲ್ಲ, ಅದನ್ನೇ ಹೇಳಿದೆ. ಆಕೆಯ ಕಣ್ಣಲ್ಲಿ ನೀರು ಬಂತು. ಬಳ್ಳಾರಿ ರಸ್ತೆಯ ಧೂಳು, ನನಗೂ ಬರುತ್ತದೆ.

19 ಜೂನ್, ಬುಧವಾರ

ಕರಾರುಪತ್ರಕ್ಕೆ ಸಹಿ ಆಯಿತು. ಪತ್ರ ಕನ್ನಡದಲ್ಲಿದೆ. ಇಂಗ್ಲಿಷಿನಲ್ಲಿ ಓದಿ ಹೇಳಿ ಎಂದು ಆಕೆ ನನ್ನನ್ನೇ ಕೇಳಿದರು. ಲಾಯರುಗಳನ್ನು ನಂಬಿ ಸಾಕಾಗಿದೆಯಂತೆ, ನನ್ನ ಮುಖ ನೋಡಿದರೆ ನಂಬಿಕೆ ಬರುತ್ತದಂತೆ. ಎರಡು ಪುಟ ಸರಾಗವಾಗಿ ಹೇಳಿದೆ. "ಸಾರ್, ಫುಲ್ ಇಂಗ್ಲಿಷು! ಇಷ್ಟ್ ದಿನ ಎಲ್ಲಿಟ್ಟಿದ್ರಿ ಸಾರ್?" ಎಂದ ಮುಬೀನ್. ಮೂರನೇ ಪುಟಕ್ಕೆ ಬಂದಾಗ ತೆರವು, ಮರುಪಾವತಿ, ಇವಕ್ಕೆಲ್ಲ ಪದ ಹೊಳೆಯಲಿಲ್ಲ. ಮುಬೀನನ ಎದುರು ತಡವರಿಸುವುದೇಕೆಂದು, "ಥರ್ಡ್ ಪೇಜ್ ಈಸ್ ಯೂಶುಯಲ್ ಮ್ಯಾಟರ್," ಎಂದು ಮಡಿಸಿಟ್ಟೆ.

ಇಪ್ಪತ್ತೆಂಟು ಲಕ್ಷ ಬಂತು, ಸಂಜೆಯೇ ಸತೀಶನಿಗೆ ಹೋಯಿತು. ಸತೀಶ ರಾಧಾಮಣಿಯ ತಮ್ಮ. ಅಕ್ಕನ ಆಸ್ಪತ್ರೆಯದನ್ನೆಲ್ಲ ಅವನೇ ಕಟ್ಟಿದ್ದ. ಋಣ ತೀರಿತು. ಹಗುರಾಗಬೇಕಿತ್ತು, ಆಗಿಲ್ಲ. ಹೋಟೆಲಿನಿಂದ ಪಾರ್ಸೆಲ್ ತಂದ ಚಿತ್ರಾನ್ನ ಅರ್ಧ ಹಾಗೇ ಉಳಿಯಿತು.

30 ಜೂನ್, ಭಾನುವಾರ

ಸಾಮಾನು ಬಂತು. ಪುಸ್ತಕಗಳೇ ಹದಿನಾರು ಡಬ್ಬ.

ಆಕೆ ಕನ್ನಡ ಕಲಿಯುತ್ತಿದ್ದಾರೆ. ಗೇಟಿನಲ್ಲಿ ನಿಂತು, "ರಾಜು, ನೀನು ಊಟ ಆಯ್ತಾ?" ಎಂದರು. ಅಮ್ಮ ಹೋದಮೇಲೆ ನನ್ನನ್ನು ನೀನು ಎಂದವರಿಲ್ಲ. ತಿದ್ದಬೇಕು ಎಂದುಕೊಂಡೆ, ಗೇಟಿನಲ್ಲಿ ಯಾಕೆ ಎಂದು ಬಿಟ್ಟೆ.

14 ಜುಲೈ, ಭಾನುವಾರ

ಬೆಳಗ್ಗೆ ಎಂಟಕ್ಕೆ ಮೇಲೆ ಸುತ್ತಿಗೆ ಸದ್ದು. ಹತ್ತು ನಿಮಿಷ ತಡೆದೆ. ನಿಲ್ಲಲಿಲ್ಲ. ಸರಸರ ಹತ್ತಿ ಹೋದೆ. ಗಾರೆಯವನು ಅಡಿಗೆಮನೆಗೂ ಹಾಲಿಗೂ ನಡುವಿನ ಗೋಡೆ ಒಡೆಯುತ್ತಿದ್ದಾನೆ!

"ಮೇಡಂ! ಪರ್ಮಿಷನ್ ನಾಟ್ ಟೇಕನ್!"

"ಯಾರ ಪರ್ಮಿಷನ್? ಕಾರ್ಪೊರೇಷನ್?" ಎಂದರು ಗಾಬರಿಯಿಂದ.

ನನ್ನ ಪರ್ಮಿಷನ್ ಎನ್ನಲು ಬಾಯಿ ಬರಲಿಲ್ಲ. ರಾಧಾಮಣಿ ಎಂಟು ತಿಂಗಳು ಮಲಗಿದ್ದ ಕೋಣೆಗೆ ಹಳದಿ ಬಣ್ಣ ಹೊಡೆಸಿದ್ದಾರೆ. ಕಿಟಕಿ ತೆಗೆದಿತ್ತು. ಔಷಧಿ ವಾಸನೆ ಇರಲಿಲ್ಲ. ಚಹಾ ಕೊಟ್ಟರು, ಹಾಲು ಕಡಿಮೆ. ಗೋಡೆ ಹೋಗಿದ್ದರಿಂದ ಬೆಳಕು ಬರುತ್ತಿದೆ, ಅದೊಂದು ನಿಜ. ರಾಧಾಮಣಿಯೂ ಈ ಗೋಡೆ ಯಾಕೆ ಬೇಕಿತ್ತು ಎನ್ನುತ್ತಿದ್ದಳು. ಆದರೂ ಭೋಗ್ಯದ ಮನೆಗೆ ಇಷ್ಟು ಖರ್ಚು ಮಾಡುವವರುಂಟೆ. ವಿದೇಶದವರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ.

8 ಆಗಸ್ಟ್, ಗುರುವಾರ

ಆಷಾಢ ಮುಗಿದಿದೆ, ಒಬ್ಬ ಪುರೋಹಿತರನ್ನು ಗೊತ್ತು ಮಾಡಿಕೊಡು, ಗೃಹಪ್ರವೇಶ ಮಾಡಬೇಕು ಎಂದು ಮೋನಿಕಾ ಮೇಡಂ ಕೇಳಿದ್ದಾರೆ. ಹಾಲು ಉಕ್ಕಿಸಿದರೆ ಸಾಕು ಎಂದು ಹೇಳಿದೆ. ಇಲ್ಲ, ಪೂರ್ತಿ ಬೇಕು, ಹೋಮ, ಹಸು, ಎಲ್ಲ.

ಎರಡೂ ಮನೆಗೆ ಕೆಲಸಕ್ಕೆ ಬರುವ ಮುನಿಕೃಷ್ಣಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಅಯ್ಯೋ ಸ್ವಾಮಿ, ಬೋಗ್ಯದ್ ಮನೆಗೆ ಯಾರಾನಾ ಗೃಹಪ್ರವೇಸ ಮಾಡ್ತಾರಾ? ಇಂಗಾದ್ರೆ ನಾನೂ ನನ್ ಬಾಡಿಗೆ ತಗಡ್ ಸೀಟ್ ಮನೆಗೆ ಅಸೂನ ಕರುಸ್ತೀನಿ ಬುಡಿ."

"ಅವರಿಗೆ ಆಸೆ ಕಣಮ್ಮ. ನಿನಗೇನು."

ಇವತ್ತು ನಾನೇ ಅನ್ನ ಮಾಡಿದೆ, ತಿಳಿಸಾರು. ಉಪ್ಪು ಜಾಸ್ತಿ.

23 ಆಗಸ್ಟ್, ಶುಕ್ರವಾರ

ಸುಸ್ತಾಗಿದೆ, ಆದರೂ ಬರೆಯುತ್ತೇನೆ.

ಹಸು ಮೆಟ್ಟಿಲು ಹತ್ತಲಿಲ್ಲ. ನಾಗಶೆಟ್ಟಿಹಳ್ಳಿಯಿಂದ ಹೊಡೆದುಕೊಂಡು ಬಂದವನು ಹಿಂದಿನಿಂದ ತಳ್ಳಿದ, ಮುಬೀನ್ ಮುಂದಿನಿಂದ ಬಾಳೆಹಣ್ಣು ತೋರಿಸಿದ. ಅದು ಮೂರನೇ ಮೆಟ್ಟಿಲಲ್ಲಿ ನಿಂತು ಗಂಜಲ ಹೊಯ್ದು ಹಿಂದೆ ಬಂತು. ಪುರೋಹಿತರು ಅಲ್ಲೇ ಪೂಜೆ ಮುಗಿಸಿದರು. ಮೋನಿಕಾ ಮೇಡಂ ಮೊಳಕಾಲ್ಮೂರು ಸೀರೆ ಉಟ್ಟಿದ್ದರು. ಸೆರಗು ಎಡಬಲ ತಿಳಿಯದೆ ಮುನಿಕೃಷ್ಣಮ್ಮ ಎರಡು ಸಲ ಉಡಿಸಿದಳಂತೆ.

ಸತೀಶ ಬಂದಿದ್ದ. ಬಿಳಿ ಷರಟು, ಬಿಳಿ ಕಾರು, ಕೊರಳಲ್ಲಿ ದಪ್ಪ ಚೈನು. ಜಮೀನು ಮಾರಿ ಬಿಲ್ಡರ್ ಆದಮೇಲೆ ಬಿಳಿ ಬಿಟ್ಟು ಬೇರೆ ಹಾಕಿಲ್ಲ. ಊಟಕ್ಕೆ ಎಲೆ ಹಾಕುತ್ತಿದ್ದ ನನ್ನನ್ನು ಪಕ್ಕಕ್ಕೆ ಕರೆದ.

"ಏನ್ ಭಾವ ಇದು? ಲೀಸ್‌ಗೆ ಬಂದೋಳು ಗೃಹಪ್ರವೇಶ ಮಾಡ್ತಾವ್ಳೆ, ಓನರ್ ನೀವು ಎಲೆ ಹಾಕ್ತಿದ್ದೀರ!"

"ಜನ ಕಮ್ಮಿ ಇದ್ರು ಕಣೋ."

"ನನ್ ಮಾತು ಕೇಳಿ. ಇದನ್ನ ಕೆಡವೋಣ. ನಾಲ್ಕು ಫ್ಲೋರು, ನಿಮಗೆ ಎರಡು, ನನಗೆ ಎರಡು. ಆಯಮ್ಮನ ದುಡ್ಡು ನಾನೇ ವಾಪಸ್ ಕೊಡ್ತೀನಿ. ಮೇಲಿನ ಮನೆ ಖಾಲಿ ಮಾಡಿಸಿಕೊಡಿ, ಅಷ್ಟೇ."

ನಾನು ಸಾಯುವ ತನಕ ಕೆಡವಬೇಡ ಎಂದೆ. "ಅದ್ಯಾವಾಗ ಅಂತ ಹೇಳಿ, ಕ್ಯಾಲೆಂಡರಲ್ಲಿ ಗುರುತು ಮಾಡ್ಕೋತೀನಿ," ಎಂದು ನಕ್ಕ. ಕೆಟ್ಟವನಲ್ಲ. ಅಕ್ಕನ ಹಾಗೇ ಬಾಯಿ.

ಶಾಲೆಯ ಗೆಳತಿಯರಿಗೆ ಆಕೆ ನನ್ನ ಪರಿಚಯ ಮಾಡಿಸಿದರು. ನನಗೆ ಈ ಮನೆಯನ್ನು ಮಾರಿದ ಪುಣ್ಯಾತ್ಮ ಎಂಬರ್ಥದ ಮಾತು. ಸೋಲ್ಡ್ ಎಂದರೋ, ಟೋಲ್ಡ್ ಎಂದರೋ. ಓಲಗದ ಸದ್ದಿನಲ್ಲಿ ಸರಿಯಾಗಿ ಕೇಳಲಿಲ್ಲ.

1 ಸೆಪ್ಟೆಂಬರ್, ಭಾನುವಾರ

ಸೋಲ್ಡ್.

ಬೆಳಿಗ್ಗೆ ಚೀಟಿ ಹಿಡಿದು ಬಂದರು. ಮನೆ ಕಂದಾಯದಲ್ಲಿ ತಮ್ಮ ಭಾಗ ಎಷ್ಟು, ಖಾತೆಗೆ ತಮ್ಮ ಹೆಸರು ಯಾವಾಗ ಸೇರುತ್ತದೆ, ತಾವು ತೀರಿಕೊಂಡರೆ ಮನೆ ತಂಗಿಯ ಮಗಳಿಗೆ ಹೋಗುವಂತೆ ವಿಲ್ ಬರೆಸಬಹುದೆ. ನಿಮ್ಮ ದೇಶದಲ್ಲಿ ಲೀಸ್ ಎಂದರೆ ಏನು ಎಂದು ಮೆಲ್ಲಗೆ ಕೇಳಿದೆ. ಅಲ್ಲಿ ಫ್ಲ್ಯಾಟು ಕೊಳ್ಳುವುದೇ ಹಾಗಂತೆ. ತೊಂಬತ್ತೊಂಬತ್ತು ವರ್ಷ, ನೂರಿಪ್ಪತ್ತೈದು ವರ್ಷ. ಹೆಸರಿಗೆ ಲೀಸು, ಮನೆ ತಮ್ಮದೇ, ಮಾರಲೂಬಹುದು. ಇಲ್ಲಿಯ ಮೂರು ವರ್ಷವನ್ನು ತಮ್ಮ ವೀಸಾದ ಹಾಗೆ ಸುಮ್ಮನೆ ಮೊಹರು ಹಾಕಿಸುವ ಕೆಲಸ ಎಂದುಕೊಂಡಿದ್ದಾರೆ. ಫಾರ್ಮಾಲಿಟಿ ಓನ್ಲಿ ಎಂದವನು ನಾನೇ. ನಾನು ಇಷ್ಟು ಕಡಿಮೆಗೆ ಕೊಟ್ಟದ್ದು ಒಳ್ಳೆಯವನಾದ್ದರಿಂದ ಎಂದು ಶಾಲೆಯಲ್ಲೆಲ್ಲ ಹೇಳಿದ್ದಾರೆ.

ಕಂದಾಯ ಆಮೇಲೆ ನೋಡೋಣ ಎಂದು ಕಳಿಸಿದೆ. ಪತ್ರ ತೆಗೆದು ಮೂರನೇ ಪುಟ ಓದಿದೆ. ಅವಧಿ ಮುಗಿದ ಕೂಡಲೇ ಮೊಬಲಗು ಮರುಪಾವತಿ ಪಡೆದು ಮನೆಯನ್ನು ತೆರವು ಮಾಡತಕ್ಕದ್ದು. ಕನ್ನಡದಲ್ಲಿ ಎಷ್ಟು ಸ್ಪಷ್ಟವಾಗಿದೆ.

5 ಸೆಪ್ಟೆಂಬರ್, ಗುರುವಾರ

ಹೇಳಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಂಡೆ. ಐ ಬೆಗ್ ಟು ಸ್ಟೇಟ್ ದಟ್... ರಜಾ ಅರ್ಜಿಯ ಹಾಗಿದೆ. ಹರಿದು ಹಾಕಿದೆ.

7 ಸೆಪ್ಟೆಂಬರ್, ಶನಿವಾರ

ಗಣೇಶನ ಹಬ್ಬ. ಮುನಿಕೃಷ್ಣಮ್ಮನಿಂದ ಕಲಿತು ತಾವೇ ಮಾಡಿದ ಕಡುಬು ತಂದುಕೊಟ್ಟರು, ಎಲ್ಲ ಒಡೆದಿದ್ದವು. "ನೀನು ಎರಡು ತಿನ್ನು, ಇಲ್ಲ ಅಂದ್ರೆ ನನಗೆ ಬೇಜಾರು." ನಾಲ್ಕು ತಿಂದೆ. ಹೇಳಿಲ್ಲ. ಸಂಜೆ ಮೇಲೆ ಹೋಗಿ ಅವರ ಹೊಸ ಫಿಲ್ಟರಿನಲ್ಲಿ ಕಾಫಿ ಇಳಿಸುವುದು ಹೇಗೆಂದು ತೋರಿಸಿಕೊಟ್ಟೆ. ಆಗಲೂ ಹೇಳಿಲ್ಲ.

15 ಸೆಪ್ಟೆಂಬರ್, ಭಾನುವಾರ

ಹೇಳಿದೆ.

ಬಾಲ್ಕನಿಗೆ ಗ್ರಿಲ್ ಹಾಕಿಸಲು ಅಳತೆಯವನು ಬಂದಿದ್ದ. ಇನ್ನೂ ಖರ್ಚು ಮಾಡಿಸಿದರೆ ಪಾಪ ಎಂದು ಅವನ ಎದುರೇ ಬಾಯಿಬಿಟ್ಟೆ. "ಮೇಡಂ, ಪ್ಲೀಸ್ ಸ್ಟಾಪ್. ದಿಸ್ ಈಸ್ ನಾಟ್ ಯುವರ್ ಹೌಸ್." ಎಷ್ಟು ಒರಟು. ಬೇರೆ ವಾಕ್ಯ ಸಿಗಲಿಲ್ಲ. ಆಮೇಲೆ ಅರ್ಧ ಇಂಗ್ಲಿಷು, ಅರ್ಧ ಕೈ. ಮೂರು ವರ್ಷ, ಹಣ ವಾಪಸು, ಮನೆ ಖಾಲಿ. ಮೂರನೇ ಪುಟ ಬಿಟ್ಟದ್ದನ್ನೂ ಹೇಳಿದೆ. ಪದ ಬರಲಿಲ್ಲ ಅಂತ ಬಿಟ್ಟೆ, ಮೋಸಕ್ಕಲ್ಲ ಎಂದೆ.

ಕೂಗಾಡಲಿಲ್ಲ. ಅಳತೆಯವನ ಕೂಲಿ ಕೊಟ್ಟು ಕಳಿಸಿದರು. ಆಮೇಲೆ ಹೇಳಿದರು, ಬಹಳ ನಿಧಾನವಾಗಿ, ನನಗೆ ಒಂದು ಮಾತೂ ತಪ್ಪದಂತೆ: ಈ ಊರಿನಲ್ಲಿ ನನಗೆ ಸುಳ್ಳು ಹೇಳಿದವರು ಬಹಳ, ಅವರೆಲ್ಲ ಚೆನ್ನಾಗಿ ಇಂಗ್ಲಿಷ್ ಬಲ್ಲವರು, ಬಾರದವನು ಸುಳ್ಳು ಹೇಳಲಾರ ಎಂದು ನಿನ್ನನ್ನು ನಂಬಿದೆ.

ಯಾವಾಗ ಸ್ವಂತ ಮನೆ ಸಿಕ್ಕರೂ ಮೂರು ವರ್ಷ ಕಾಯಿಸದೆ ಆವತ್ತೇ ಹಣ ಕೊಡುತ್ತೇನೆ ಎಂದು ಮಾತು ಕೊಟ್ಟೆ. ಎಲ್ಲಿಂದ ಕೊಡುತ್ತೇನೆ ಎಂದು ಅವರು ಕೇಳಲಿಲ್ಲ. ಕೊಡಬೇಕಾದರೆ ಇರುವುದೊಂದೇ ದಾರಿ, ಅದು ಸತೀಶ.

18 ಸೆಪ್ಟೆಂಬರ್, ಬುಧವಾರ

ಸೂಟ್‌ಕೇಸು ಹಿಡಿದು ಶಾಲೆಯ ಅತಿಥಿಗೃಹಕ್ಕೆ ಹೋದರು.

22 ಸೆಪ್ಟೆಂಬರ್

ಏನೂ ಇಲ್ಲ.

26 ಸೆಪ್ಟೆಂಬರ್, ಗುರುವಾರ

ಮುನಿಕೃಷ್ಣಮ್ಮ ಮಾತಾಡುತ್ತಿಲ್ಲ. ಪಾತ್ರೆ ಕುಕ್ಕುತ್ತಾಳೆ. "ಬರ್ದು ಓದ್ದೋರು ನೀವು, ಆಯಮ್ಮಂಗೆ ನೆಟ್ಟಗೆ ಏಳಕ್ಕೇನಾಗಿತ್ತು?" ಎಂದು ಸಿಂಕಿಗೆ ಹೇಳಿದಳು. ಮೇಲಿನ ಗಿಡಗಳಿಗೆ ನೀರು ಹಾಕಿ ಬಂದೆ. ದಿನಕ್ಕೆ ಎರಡು ಸಲ ಬೇಕಾಗುತ್ತದೆ, ಬಿಸಿಲು ಹಾಗಿದೆ.

6 ಅಕ್ಟೋಬರ್, ಭಾನುವಾರ

ವಾಪಸು ಬಂದಿದ್ದಾರೆ. ಹತ್ತು ಗಂಟೆಗೆ ಬಾಗಿಲು ತಟ್ಟಿ, "ನೀವು ಬಿಡುವಾಗಿದ್ದೀರಾ?" ಎಂದರು. ನೀವು. ಎಲ್ಲಿ ಕಲಿತರೋ. ವ್ಯಾಕರಣ ಸರಿಯಾಗಿತ್ತು. ಮನಸ್ಸಿಗೆ ಹಿತವಾಗಲಿಲ್ಲ.

ಕರಾರುಪತ್ರ ಮೇಜಿನ ಮೇಲಿಟ್ಟು, ಮೂರನೇ ಪುಟ ಒಂದೊಂದು ಪದವಾಗಿ ಓದಿಸಿದರು. ನನ್ನ ಕಾಲೇಜಿನ ನಿಘಂಟು ಒಂದು ಕಡೆ, ಅವರ ಫೋನು ಒಂದು ಕಡೆ. ಮಧ್ಯಾಹ್ನ ಎರಡಾಯಿತು. ಭೋಗ್ಯ ಎಂಬುದಕ್ಕೆ ಇಬ್ಬರಿಗೂ ಪದ ಸಿಗಲಿಲ್ಲ. ಅನುಭವಿಸಬಹುದು, ಇಟ್ಟುಕೊಳ್ಳಲಾಗದು ಎಂದೆ. ಅದನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡರು, ಭ ಅಕ್ಷರದ ಕಾಲು ಮರೆತು. ತಿದ್ದಿದೆ.

ಎದ್ದು ಹೋಗುವಾಗ ಹೇಳಿದರು: ನಾನು ಮತ್ತೆ ಮನೆ ಹುಡುಕುತ್ತೇನೆ, ಕೊಳ್ಳುವ ಮನೆ. ಪ್ರತಿ ಪತ್ರವನ್ನೂ ನೀವು ಓದಬೇಕು, ಪ್ರತಿ ಪುಟವನ್ನೂ. ಶಿಕ್ಷೆಯೋ ಕೆಲಸವೋ ತಿಳಿಯಲಿಲ್ಲ. ಒಪ್ಪಿದೆ.

20 ಅಕ್ಟೋಬರ್, ಭಾನುವಾರ

ದಸರೆ ಕಳೆದ ಮೇಲೆ ನಾಲ್ಕು ಮನೆ ನೋಡಿದ್ದಾಯಿತು. ನಾಗಸಂದ್ರದಲ್ಲಿ ಮೆಟ್ರೋಗೆ ಹತ್ತಿರ, ಒಳ್ಳೆಯ ಗಾಳಿ, ಆದರೆ ಓನರಿನ ತಂಗಿ ಹಕ್ಕುಬಿಡುಗಡೆಗೆ ಸಹಿ ಹಾಕಿಲ್ಲ. ಹೆಬ್ಬಾಳದಲ್ಲಿ ಕೆರೆಯ ಕಡೆ ಬಾಲ್ಕನಿ, ಆದರೆ ನಕ್ಷೆಯಲ್ಲಿ ಮೂರೇ ಮಹಡಿ, ಇವರಿಗೆ ತೋರಿಸಿದ್ದು ನಾಲ್ಕನೆಯದು. ಮುಬೀನ್ ತಲೆ ಚಚ್ಚಿಕೊಳ್ಳುತ್ತಾನೆ. "ಸಾರ್, ನೀವ್ ಓದಕ್ ಶುರು ಮಾಡಿದ್ಮೇಲೆ ನನ್ ಒಂದ್ ಮನೇನೂ ಓಡ್ತಿಲ್ಲ ಸಾರ್. ಸ್ವಲ್ಪ ಕನ್ನಡ್ಕ ಇಲ್ದೆ ಓದಿ."

ಫ್ಲೈಓವರಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆವು. ಹಿಂದಿನ ಸೀಟಿನಲ್ಲಿ ಮೇಡಂ ಕಣ್ಣು ಮುಚ್ಚಿ, ಎಲ್ಲಿಯಾದರೂ ನಾನು ಒಂದು ಮೊಳೆ ಹೊಡೆದರೆ ಯಾರೂ ಕೇಳದ ಗೋಡೆ ಇದ್ದರೆ ಸಾಕು ಎಂದರು. ಒಂದೊಂದು ಮನೆಯೂ ತಪ್ಪಿದಾಗ ಅವರ ಮುಖ ನೋಡಲಾಗುವುದಿಲ್ಲ. ನನಗೆ ಮಾತ್ರ ಊಟ ಸೇರುತ್ತದೆ. ಇದು ಸರಿಯಲ್ಲ.

10 ನವೆಂಬರ್, ಭಾನುವಾರ

ಯಲಹಂಕ ನ್ಯೂಟೌನಿನಲ್ಲಿ ಎರಡನೇ ಮಹಡಿಯ ಫ್ಲ್ಯಾಟು. ಮಾರುವವರು ಗಂಗಾದೇವಿ ಎಂಬ ಬಾಗಲಕೋಟೆ ಕಡೆಯ ವಿಧವೆ. ಗಂಡ ಮುರಿಗೆಪ್ಪನವರು ಕಾರ್ಖಾನೆಯಲ್ಲಿದ್ದವರು. ಈಗ ಧಾರವಾಡದಲ್ಲಿ ಅಕ್ಕನ ಜೊತೆ ಇರಲು ಹೊರಟಿದ್ದಾರೆ. "ಬರ್ರಿ, ಒಳಗ ಕುಂದರ್ರಿ. ನಾ ಏನೂ ಮುಚ್ಚಿಡೂದಿಲ್ರಿ, ಕಾಗದ ಎಲ್ಲಾ ಹೊರಗ ಇಟ್ಟೀನಿ ನೋಡ್ರಿ," ಎಂದು ಟ್ರಂಕನ್ನೇ ನನ್ನ ಮುಂದೆ ತೆರೆದಿಟ್ಟರು. ಮೋನಿಕಾ ಮೇಡಂ ಅಡಿಗೆಮನೆಯಿಂದ ಹಾಲಿಗೆ, ಹಾಲಿನಿಂದ ಕೋಣೆಗೆ ಮೂರು ಸಲ ಓಡಾಡಿದರು. ಆಮೇಲೆ ಬಂದು ನನ್ನ ಎದುರು ಕುಳಿತರು. ಇಂಗ್ಲಿಷಿನ ಕಾಗದಗಳನ್ನು ಶಾಲೆಯ ವಕೀಲರು ನೋಡಿ ಸರಿ ಎಂದಿದ್ದಾರಂತೆ. ಹಳೆಯ ಕನ್ನಡದವು ನನ್ನ ಪಾಲು.

ಮೂಲ ಕ್ರಯಪತ್ರ. ಅದರ ಹಿಂದಿನ ಪಹಣಿ. ಋಣಭಾರ ಪತ್ರ, ಮೂವತ್ತು ವರ್ಷದ್ದು. ಗಂಡನ ಮರಣಪತ್ರ, ವಂಶವೃಕ್ಷ, ಇಬ್ಬರು ಮಕ್ಕಳ ಒಪ್ಪಿಗೆ, ಎರಡರಲ್ಲೂ ಹೆಬ್ಬೆಟ್ಟಲ್ಲ, ಸಹಿ. ಖಾತೆ. ನಕ್ಷೆಯಲ್ಲಿ ಎರಡನೇ ಮಹಡಿ ಎರಡನೆಯದೇ. ಒಂದೂವರೆ ಗಂಟೆ ಓದಿದೆ. ಒಂದು ಕಡೆ ಮುರಿಗೆಪ್ಪ ಎಂಬುದು ಮುರುಗೆಪ್ಪ ಎಂದಿತ್ತು. ಬೆರಳು ಅಲ್ಲೇ ನಿಂತಿತು. ಇಷ್ಟು ಸಾಕು, ಮೂರು ತಿಂಗಳು ತಳ್ಳಬಹುದು ಎಂದು ಮನಸ್ಸು ಹೇಳಿತು. ಪುಟ ತಿರುಗಿಸಿದರೆ ಅದಕ್ಕೂ ತಿದ್ದುಪಡಿ ಪತ್ರ ಲಗತ್ತಾಗಿತ್ತು, ನೋಂದಣಿ ಮೊಹರಿನ ಸಮೇತ. ಇಷ್ಟು ಅಚ್ಚುಕಟ್ಟು ಮನುಷ್ಯನನ್ನು ನಾನು ಕಚೇರಿಯಲ್ಲೂ ನೋಡಿರಲಿಲ್ಲ.

ಮತ್ತೆ ಮೊದಲಿನಿಂದ ಓದಿದೆ. ಗಂಗಾದೇವಮ್ಮ ಎರಡನೇ ಸಲ ಚಹಾ ತಂದರು. "ಏನರ ಕೊರತಿ ಐತೇನ್ರಿ?" ಎಂದರು.

"ಇಲ್ಲಮ್ಮ."

ಮೇಡಂ ನನ್ನನ್ನೇ ನೋಡುತ್ತಿದ್ದರು. "ಪೇಪರ್ ಈಸ್ ಕ್ಲೀನ್," ಎಂದೆ. "ಯು ಕ್ಯಾನ್ ಬೈ. ಫುಲ್ ಬೈ. ನಾಟ್ ಲೀಸ್."

ಪ್ರತಿ ಪುಟವನ್ನೂ ಓದಿದಿರಾ ಎಂದು ಕೇಳಿದರು.

"ಈಚ್ ಅಂಡ್ ಎವೆರಿ ಪೇಜ್. ಟೂ ಟೈಮ್ಸ್."

ಮುಂಗಡದ ಚೆಕ್ ಅಲ್ಲೇ ಬರೆದರು. ಉಳಿದದ್ದು ಜನವರಿಯಲ್ಲಿ, ಅದರಲ್ಲಿ ನಾನು ವಾಪಸು ಕೊಡಬೇಕಾದ ಹಣವೂ ಸೇರಿದೆ. ಗಂಗಾದೇವಮ್ಮ ಇಬ್ಬರಿಗೂ ಸಕ್ಕರೆ ಕೊಟ್ಟರು, ಅತ್ತರು, ಗಂಡನ ಫೋಟೋ ಇಳಿಸುವಾಗ ಮೊಳೆ ಹಾಗೇ ಬಿಡುತ್ತೇನೆ, ನಿಮಗೆ ಬೇಕಾಗಬಹುದು ಎಂದರು. ಅದನ್ನೂ ಇಂಗ್ಲಿಷಿಗೆ ಮಾಡಿ ಹೇಳಿದೆ. ಕಷ್ಟವಾಗಲಿಲ್ಲ.

ಬರುವಾಗ ಆಟೋದಲ್ಲಿ ಜಕ್ಕೂರು ದಾಟಿದೆವು. ಸತೀಶನ ಯೋಜನೆ ಮುನಿಕೃಷ್ಣಮ್ಮನಿಂದ ಅವರಿಗೆ ತಿಳಿದಿದೆ. ಹಣ ಎಲ್ಲಿಂದ ಬರುತ್ತದೆ, ಯಾವ ಮನೆ ಹೋಗುತ್ತದೆ, ಎಲ್ಲ. ಪತ್ರದಲ್ಲಿ ಏನೋ ತಪ್ಪಿದೆ ಎಂದು ನೀವು ಹೇಳಬಹುದಿತ್ತಲ್ಲ, ನನಗೆ ಗೊತ್ತಾಗುತ್ತಿರಲಿಲ್ಲ ಎಂದರು ಮೇಡಂ.

"ಸರ್ಚ್ಡ್, ಮೇಡಂ," ಎಂದೆ. "ನಾಟ್ ಫೌಂಡ್."

ನಗು ಬಂತೋ ಏನೋ, ಅವರು ಮುಖ ಹೊರಗೆ ತಿರುಗಿಸಿದರು.

11 ನವೆಂಬರ್, ಸೋಮವಾರ

ಸತೀಶನಿಗೆ ಫೋನ್ ಮಾಡಿದೆ. ಬುಧವಾರ ಬಾ, ಕಾಗದ ತೆಗೆದುಕೊಂಡು ಬಾ ಎಂದೆ. "ಭಾವ, ನಿಜವಾಗ್ಲೂನಾ?" ಎಂದು ಎರಡು ಸಲ ಕೇಳಿದ. ನಿಜ, ಆದರೆ ಸಹಿ ಹಾಕುವ ಮೊದಲು ಎಲ್ಲ ಪುಟವನ್ನೂ ನಾನು ಓದಬೇಕು, ಬೆಳಿಗ್ಗೆಯೇ ಬಾ ಎಂದೆ.